ಸೀನಿಯಾರಿಟಿ ಪ್ರಕಾರ ಫುಟ್‌ಬಾಲ್

ಕೋಚ್ ಕೊಟ್ಟ ಚೀಟಿಯಲ್ಲಿ ಹದಿನೆಂಟು ಹುಡುಗರ ಹೆಸರುಗಳು ಚೆಲ್ಲಿದ ಗುಂಡುಸೂಜಿಗಳ ಹಾಗೆ ಎಲ್ಲೆಂದರಲ್ಲಿ ಬಿದ್ದಿದ್ದವು. ಕೆಲವು ಅಡ್ಡ, ಕೆಲವು ಓರೆ, ಒಂದಂತೂ ಪೂರ್ತಿ ತಲೆಕೆಳಗು. "ಇದನ್ನ ಫಾರಂ ಮೇಲೆ ನೀಟಾಗಿ ಟೈಪ್ ಮಾಡಿ, ಬೆಳಿಗ್ಗೆ ಒಂಬತ್ತರೊಳಗೆ ಪಂದ್ಯದ ಕಚೇರಿಗೆ ಕೊಟ್ಬಿಡಿ" ಎಂದು ಹೇಳಿ ಕೋಚ್ ಹೋಗಿದ್ದರು. ಆ ಚೀಟಿಯ ಅವಸ್ಥೆ ಪಟ್ಟಿರಾಯರಿಗೆ ನೋಡಲಾಗಲಿಲ್ಲ.

ಪಟ್ಟಿರಾಯರು ಎನ್ನುವುದು ಅವರ ಹೆಸರಲ್ಲ, ಕಚೇರಿಯವರು ಇಟ್ಟ ಅಡ್ಡಹೆಸರು. ಕ್ರೀಡಾ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತಿಕೆ ಮಾಡಿದ ಅವರು ಒಂದು ಪಟ್ಟಿಯನ್ನೂ ಹುಟ್ಟಿದ ದಿನಾಂಕದ ಪ್ರಕಾರ ಜೋಡಿಸದೆ ಬಿಟ್ಟವರಲ್ಲ. ಹಿರಿಯವನು ಮೇಲೆ, ಕಿರಿಯವನು ಕೆಳಗೆ. ಜಗತ್ತು ನಿಂತಿರುವುದೇ ಇದರ ಮೇಲೆ ಎಂಬುದು ಅವರ ನಂಬಿಕೆ. ತಮ್ಮ ಮದುವೆಯ ಊಟಕ್ಕೂ ನೆಂಟರನ್ನು ಸೀನಿಯಾರಿಟಿ ಪ್ರಕಾರವೇ ಕೂರಿಸಿ, ಹೆಂಡತಿಯ ಚಿಕ್ಕಪ್ಪನನ್ನು ಶಾಶ್ವತವಾಗಿ ಮುನಿಸಿಕೊಳ್ಳುವಂತೆ ಮಾಡಿದ ಕೀರ್ತಿ ಅವರದು.

ಇಂಥವರು ಹದಿನೆಂಟು ವರ್ಷದೊಳಗಿನ ಹುಡುಗರ ರಾಷ್ಟ್ರೀಯ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಆದದ್ದು ಹೇಗೆ ಎಂದರೆ, ಉತ್ತರ ಸುಲಭ. ಅಂತರರಾಷ್ಟ್ರೀಯ ಕ್ರೀಡಾಕೂಟ, ಇಪ್ಪತ್ತು ಬಗೆಯ ಆಟ, ಇಪ್ಪತ್ತು ತಂಡ, ಪ್ರತಿ ತಂಡಕ್ಕೂ ಇಲಾಖೆಯಿಂದ ಒಬ್ಬ ಮ್ಯಾನೇಜರ್ ಹೋಗಲೇಬೇಕೆಂಬ ನಿಯಮ. ಆಟ ಗೊತ್ತಿದ್ದವರೆಲ್ಲ ತಮಗೆ ಬೇಕಾದ ತಂಡ ಹಿಡಿದುಕೊಂಡ ಮೇಲೆ ಉಳಿದದ್ದು ಫುಟ್‌ಬಾಲ್ ಮತ್ತು ಪಟ್ಟಿರಾಯರು. ಚೆಂಡು ಎಂದರೆ ಅವರ ಪಾಲಿಗೆ ಸ್ಟೋರ್ ರಿಜಿಸ್ಟರಿನ ಏಳನೇ ಪುಟ. ಆದರೂ ಅವರು ಕುಣಿದುಕೊಂಡು ಬಂದಿದ್ದರು. ಹೆಡ್ ಕ್ಲಾರ್ಕ್ ನಿವೃತ್ತರಾಗಿ ಒಂದು ತಿಂಗಳಾಗಿತ್ತು, ಕುರ್ಚಿ ಖಾಲಿ ಬಿದ್ದಿತ್ತು. ಇಪ್ಪತ್ತೂ ತಂಡ ಸೇರಿದ ಇಡೀ ದಳದ ಮುಖ್ಯಸ್ಥರಾಗಿ ಬಂದಿದ್ದ ಸಾಹೇಬರು ಹೊರಡುವ ಮುಂಚೆ ಕರೆದು ಹೇಳಿದ್ದರು: "ನೋಡಯ್ಯಾ, ನಿನ್ನ ತಂಡದ ಫೈಲಿನ ಮೇಲೆ ಒಂದೇ ಒಂದು ತಕರಾರು ಬರ್ದೆ ಇದ್ರೆ ಆ ಕುರ್ಚಿ ನಿಂದೇ."

ಇಪ್ಪತ್ತಾರು ವರ್ಷ ಒಂದೇ ಮೇಜಿನ ಹಿಂದೆ, ಕಾಲು ಕುಂಟುವ ಒಂದೇ ಕುರ್ಚಿಯ ಮೇಲೆ ಕೂತವನಿಗೆ ಆ ಮಾತು ಎಷ್ಟು ರುಚಿಸಿತೆಂದು ಬೇರೆ ಹೇಳಬೇಕೇ? ಹೆಂಡತಿ ದಿನವೂ ಫೋನಿನಲ್ಲಿ ತಂಡ ಗೆದ್ದಿತೇ ಎಂದು ಕೇಳುತ್ತಿರಲಿಲ್ಲ. "ತಕರಾರು ಏನೂ ಬಂದಿಲ್ಲ ತಾನೇ?" ಎಂದೇ ಕೇಳುತ್ತಿದ್ದರು.

ಹೀಗಾಗಿ ಆ ಬೆಳಿಗ್ಗೆ ಪಟ್ಟಿರಾಯರು ಹದಿನೆಂಟು ಹುಡುಗರ ಜನನ ದಾಖಲೆ ತೆಗೆದು, ಹಿರಿಯವನಿಂದ ಕಿರಿಯವನವರೆಗೆ ಹೆಸರುಗಳನ್ನು ಇಳಿಸಿ, ಮೂರು ಪ್ರತಿ ತೆಗೆದರು. ಒಂದು ಸಲ್ಲಿಸಲಿಕ್ಕೆ, ಒಂದು ಸಾಹೇಬರ ಮಾಹಿತಿಗೆ, ಒಂದು ತಮ್ಮ ಫೈಲಿಗೆ. ಅಭ್ಯಾಸದ ಬಸ್ಸಿನ ಬಾಗಿಲಲ್ಲಿ ಕೋಚ್‌ಗೆ ಫಾರಂ ಹಿಡಿದರು. ಕೋಚ್ ಒಂದು ಕಾಲು ಮೆಟ್ಟಿಲ ಮೇಲಿಟ್ಟುಕೊಂಡೇ ಅಲ್ಲಲ್ಲಿ ಒಂದೊಂದು ಗೀಟು ಎಳೆದು, ಸಹಿ ಹಾಕಿ ಬಸ್ಸು ಹತ್ತಿಬಿಟ್ಟರು. ಮೇಲಿನವರು ಕಾಗದ ಓದುವಾಗ ಹೀಗೆ ಗೀಟು ಎಳೆಯುವುದು ಪಟ್ಟಿರಾಯರಿಗೆ ಹೊಸದಲ್ಲ. ಅರ್ಧ ಓದಿ ಬೇಸರವಾಗಿ ಬಿಟ್ಟಿರಬೇಕು ಎಂದುಕೊಂಡರು. ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಪಟ್ಟಿ ಪಂದ್ಯದ ಕಚೇರಿಯಲ್ಲಿತ್ತು. ಪಂದ್ಯ ಸಂಜೆ ನಾಲ್ಕಕ್ಕೆ.

ತೊಂದರೆ ಹತ್ತು ಗಂಟೆಗೆ ಬಾಗಿಲು ತಟ್ಟಿತು.

ಕ್ರೀಡಾಗ್ರಾಮದ ಮೂರನೇ ಮಹಡಿಯಲ್ಲಿ ಪಟ್ಟಿರಾಯರ ಬಲಗಡೆ ಕೋಣೆ ಈಜು ತಂಡದ ಮ್ಯಾನೇಜರ್ ಮೇಡಂದು, ಎಡಗಡೆಯದು ಭಾರ ಎತ್ತುವವರ ಮ್ಯಾನೇಜರದು. ಎರಡನೆಯವರನ್ನು ಹುಡುಗರೆಲ್ಲ ಭಾರದ ಮಾಮ ಎನ್ನುತ್ತಿದ್ದರು. ಮೇಡಂ ಸ್ಟೇಪ್ಲರ್ ಕೇಳಲು ಬಂದರು. ಕೊಟ್ಟ ಸ್ಟೇಪ್ಲರ್ ಕೈಯಲ್ಲಿ ಹಿಡಿದುಕೊಂಡೇ ಮೇಜಿನ ಮೇಲಿದ್ದ ಫೈಲಿಗೆ ಕಣ್ಣು ಹಾಕಿದರು.

"ಅಯ್ಯೋ ರಾಯರೇ, ಇದೇನ್ರೀ ಇದು? ಎರಡನೇ ನಂಬರು ಗೋಲ್‌ಕೀಪರು, ಐದನೇ ನಂಬರೂ ಗೋಲ್‌ಕೀಪರಾ?"

"ಹುಟ್ಟಿದ್ದೇ ಹಾಗೆ ಮೇಡಂ. ಇವನು ಫೆಬ್ರವರಿ, ಅವನು ಏಪ್ರಿಲ್."

"ಹುಟ್ಟಿದ್ದು ಯಾರಿಗೆ ಬೇಕ್ರೀ? ಪಟ್ಟೀಲಿ ಮೊದಲ ಹನ್ನೊಂದು ಜನ ತಾನೇ ಮೈದಾನಕ್ಕೆ ಇಳಿಯೋದು! ಗೋಲಿನಲ್ಲಿ ಇಬ್ಬರನ್ನ ನಿಲ್ಲಿಸ್ತೀರಾ, ಪಾಳಿ ಮೇಲೆ?"

ಪಟ್ಟಿರಾಯರ ಎದೆ ಧಸಕ್ಕೆಂದಿತು. ಬೆರಳಿನಿಂದ ಪಟ್ಟಿಯ ಕೆಳತುದಿ ಮುಟ್ಟಿದರು. ಹದಿನೆಂಟನೆಯ ಹೆಸರು ಕ್ಯಾಪ್ಟನ್‌ನದು. ಹಿಂದಿನ ಎರಡು ಪಂದ್ಯದಲ್ಲಿ ಐದು ಗೋಲು ಹೊಡೆದ ಹುಡುಗ ಪಾಪ, ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ತಪ್ಪಿಗೆ ಎಲ್ಲರಿಗಿಂತ ಕೆಳಗೆ ಕೂತಿದ್ದ.

ಗದ್ದಲ ಕೇಳಿ ಭಾರದ ಮಾಮ ಬನಿಯನ್ನಿನಲ್ಲೇ ಬಂದರು. ಬಾಗಿಲಿನ ತುಂಬ ಅವರೇ ತುಂಬಿಕೊಂಡರು. "ಮೇಡಂ ಹೇಳೋದು ಸರಿ. ನನ್ನ ಷಡ್ಡಕ ಫುಟ್‌ಬಾಲ್ ಆಡ್ತಿದ್ದ, ನಂಗೊತ್ತು. ಒಂದ್ಸಲ ಪಟ್ಟಿ ಕೊಟ್ಟ ಮೇಲೆ ಮುಗೀತು. ಬದಲಾಯಿಸೋ ಹಾಗಿಲ್ಲ."

"ಏನೂ ದಾರೀನೇ ಇಲ್ವಾ?"

"ಒಂದೇ ದಾರಿ. ಯಾರಿಗಾದ್ರೂ ಕಾಯಿಲೆ ಆಗಿದೆ ಅಂತ ಇಲ್ಲಿನ ಡಾಕ್ಟರು ಬರ್ಕೊಟ್ರೆ ಅವನ ಜಾಗಕ್ಕೆ ಇನ್ನೊಬ್ಬನ್ನ ಹಾಕ್ಬಹುದು."

"ಕೋಚ್‌ನ ಒಂದು ಮಾತು ಕೇಳ್ಬಿಡ್ಲಾ?"

"ಕೇಳಿ, ಕೇಳಿ. ಯಾವ ಕಿಟಕಿಯಿಂದ ಎಸೀತಾರೆ ಅನ್ನೋದನ್ನೂ ಕೇಳ್ಕೊಂಡು ಬನ್ನಿ" ಎಂದರು ಮೇಡಂ.

ಅದೂ ನಿಜವೇ. ಪಂದ್ಯದ ದಿನ ಕೋಚ್ ಅಭ್ಯಾಸ ಮುಗಿಸಿ ಬಂದರೆಂದರೆ ಕೋಣೆಯ ಬಾಗಿಲು ಹಾಕಿ, ಮೇಜಿನ ಮೇಲೆ ಆಟಗಾರರ ಲೆಕ್ಕಕ್ಕೆ ಹನ್ನೊಂದು ಅಂಗಿಗುಂಡಿ ಹರಡಿಕೊಂಡು ಮೌನವಾಗಿ ಕೂರುತ್ತಿದ್ದರು. ಪಂದ್ಯ ಶುರುವಾಗುವವರೆಗೆ ಒಂದು ಮಾತಿಲ್ಲ. ಮೊದಲ ಪಂದ್ಯದ ದಿನ ಕಾಲ್ಚೀಲದ ರಸೀತಿಗೆ ಸಹಿ ಕೇಳಲು ಹೋದ ಪಟ್ಟಿರಾಯರು ಆ ಕಣ್ಣುಗಳ ಉರಿ ನೋಡಿ ರಸೀತಿಯನ್ನೇ ಬಿಟ್ಟು ಓಡಿಬಂದಿದ್ದರು.

ಪಟ್ಟಿರಾಯರು ಹಾಜರಿ ಪುಸ್ತಕ ತೆಗೆದು, ಹಿಂದಿನ ಪಂದ್ಯಗಳಲ್ಲಿ ಆಡಿದವರನ್ನೂ ತಮ್ಮ ಪಟ್ಟಿಯ ಮೊದಲ ಹನ್ನೊಂದು ಮಂದಿಯನ್ನೂ ತಾಳೆ ನೋಡಿದರು. ನಾಲ್ಕು ಹೆಸರು ಹೆಚ್ಚಿಗೆ ಬಂದಿದ್ದವು. ನಾಲ್ಕು ಹುಡುಗರಿಗೆ ಕಾಯಿಲೆ ಬರಬೇಕು, ಅದೂ ಊಟದ ಹೊತ್ತಿನೊಳಗೆ. ರಜೆ ಚೀಟಿ ಬರೆಯುವುದರಲ್ಲಿ ಇಪ್ಪತ್ತಾರು ವರ್ಷ ಪಳಗಿದ ಕೈ ಅವರದು. ಇಡೀ ಕಚೇರಿಗೆ ಬೇಕಾದ ಜ್ವರ, ನೆಗಡಿ, ಸೊಂಟನೋವುಗಳನ್ನೆಲ್ಲ ಅವರೇ ಬರೆದುಕೊಡುತ್ತಿದ್ದರು. ಆ ಧೈರ್ಯದಲ್ಲಿ ನಾಲ್ವರನ್ನೂ ಒಂದು ಕೋಣೆಗೆ ಕರೆಸಿ ವಿಷಯ ಬಿಡಿಸಿ ಹೇಳಿದರು.

ಮೂವರು ತಲೆಯಾಡಿಸಿದರು. ಬೆಂಚಿನ ಮೇಲೆ ಕೂರುವ ಬದಲು ಹಾಸಿಗೆಯ ಮೇಲೆ ಮಲಗುವುದಕ್ಕೆ ಅವರ ಅಭ್ಯಂತರವೇನಿರಲಿಲ್ಲ. ನಾಲ್ಕನೆಯವನು ಮೀಸಲು ಗೋಲ್‌ಕೀಪರ್. ಎರಡು ವರ್ಷದಿಂದ ತಂಡದ ಜೊತೆ ಊರೂರು ಸುತ್ತಿದ್ದರೂ ಒಂದು ನಿಮಿಷ ಮೈದಾನಕ್ಕೆ ಇಳಿಯದ ಹುಡುಗ. ಅವನು ಅರ್ಧ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡ.

"ಸರ್! ಮೊದಲ ಹನ್ನೊಂದರಲ್ಲಿ ನಾನಿದ್ದೀನಾ?"

"ಇದ್ದೀಯಪ್ಪ, ಆದ್ರೆ ಅದು ತಪ್ಪಿ—"

"ಒಂದ್ನಿಮಿಷ ಸರ್, ಅಮ್ಮಂಗೆ ಹೇಳ್ಬಿಡ್ತೀನಿ!"

ತಡೆಯುವಷ್ಟರಲ್ಲಿ ಫೋನು ಕಿವಿಗೆ ಹೋಗಿತ್ತು. ಆ ಕಡೆಯಿಂದ ಅವನ ತಾಯಿ ಹಿಗ್ಗಿನಿಂದ ಕೂಗಿದ್ದು ಕೋಣೆಯ ಗೋಡೆಗೂ ಕೇಳಿಸಿತು. ಅಕ್ಕಪಕ್ಕದವರನ್ನೆಲ್ಲ ಟಿ.ವಿ. ಮುಂದೆ ಕೂರಿಸುತ್ತೇನೆ ಎನ್ನುತ್ತಿದ್ದರು. ಹುಡುಗ ಫೋನು ಇಳಿಸಿ ಮುಖ ಅರಳಿಸಿಕೊಂಡು ನಿಂತ. ನನ್ನ ಕುರ್ಚಿಯ ಆಸೆಗೆ ಇವನ ಆಸೆಯನ್ನು ಕಿತ್ತುಕೊಳ್ಳುತ್ತಿದ್ದೇನಲ್ಲ ಎಂದು ಪಟ್ಟಿರಾಯರಿಗೆ ನಿಜವಾಗಿಯೂ ನಾಚಿಕೆಯಾಯಿತು.

"ನಿನಗೆ ಯಾವ ಕಾಯಿಲೆ ಬೇಕಪ್ಪಾ? ನೀನೇ ಮೊದಲು ಆರಿಸ್ಕೋ" ಎಂದರು ಕೊನೆಗೆ. ಕೊಡಲು ಅವರ ಹತ್ತಿರ ಬೇರೇನೂ ಇರಲಿಲ್ಲ.

ಹುಡುಗ ಫೋನು ಜೇಬಿಗೆ ಹಾಕಿಕೊಂಡ. "ಯಾವುದಾದ್ರೂ ಕೊಡಿ ಸರ್" ಎಂದ.

ಕಾಯಿಲೆ ಹಂಚುವುದರಲ್ಲಿ ಪಟ್ಟಿರಾಯರು ತಮ್ಮ ಅನುಭವವನ್ನೆಲ್ಲ ಬಳಸಿದರು. ಒಂದೇ ದಿನ ನಾಲ್ಕು ಜನ ಒಂದೇ ಕಾಯಿಲೆ ಎಂದು ಚೀಟಿ ಕೊಟ್ಟರೆ ಮೇಲಿನವರಿಗೆ ಅನುಮಾನ ಬರುತ್ತದೆ, ಬೇರೆ ಬೇರೆ ಆದರೆ ಬರುವುದಿಲ್ಲ. ಹಾಗಾಗಿ ಒಬ್ಬನಿಗೆ ವಾಂತಿ, ಒಬ್ಬನಿಗೆ ಜ್ವರ, ಒಬ್ಬನಿಗೆ ಮೈ ತುರಿಕೆ ಕೊಟ್ಟು, ಗೋಲ್‌ಕೀಪರನಿಗೆ ಕೀಲುನೋವು ಇಟ್ಟರು. ಜ್ವರದವನಿಗೆ ಬಿಸಿನೀರು ಕುಡಿಸಿದರು. ತುರಿಕೆಯವನು ಮನಸ್ಸಿಟ್ಟು ಕೆರೆದುಕೊಂಡು ಐದೇ ನಿಮಿಷದಲ್ಲಿ ಕೈಯೆಲ್ಲ ಕೆಂಪು ಮಾಡಿಕೊಂಡ.

ಕ್ರೀಡಾಗ್ರಾಮದ ಡಾಕ್ಟರಮ್ಮ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು, ಒಬ್ಬ ಸಿಸ್ಟರ್ ಜೊತೆ ಬಂದು ಒಬ್ಬೊಬ್ಬರನ್ನೇ ನೋಡಿ, ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಂಡರು. ಹತ್ತು ಪ್ರಶ್ನೆಗೆ ಸಿದ್ಧರಾಗಿ ನಿಂತಿದ್ದ ಪಟ್ಟಿರಾಯರಿಗೆ ಅವರು ಒಂದನ್ನೂ ಕೇಳದಿದ್ದದ್ದೇ ಹೆದರಿಕೆ ಹುಟ್ಟಿಸಿತು. ಡಾಕ್ಟರಮ್ಮ ರಿಜಿಸ್ಟರ್ ಮುಚ್ಚಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡರು.

"ವಾಂತಿ, ಜ್ವರ, ತುರಿಕೆ, ಕೀಲುನೋವು. ನಾಲ್ಕೂ ಒಂದೇ ಮಹಡೀಲಿ, ಒಂದೇ ಬೆಳಿಗ್ಗೆ. ಇದು ನಾಲ್ಕು ಕಾಯಿಲೆ ಅಲ್ಲ ಸ್ವಾಮಿ, ಒಂದೇ ಸೋಂಕು. ಒಬ್ಬೊಬ್ಬರಲ್ಲಿ ಒಂದೊಂದು ಹಂತ!"

"ಹಂಗಲ್ಲ ಡಾಕ್ಟರಮ್ಮ, ಅವು ಬೇರೆ ಬೇರೆ..."

"ನೀವು ಡಾಕ್ಟರಾ?"

"ಗುಮಾಸ್ತ."

"ಸಿಸ್ಟರ್, ಈ ಗುಮಾಸ್ತರ ನಾಲಿಗೆ ನೋಡಿ. ಬಿಳುಚಿಕೊಂಡಿದೆ. ಇವರಿಗೂ ತಗುಲಿದೆ."

ಅರ್ಧ ಗಂಟೆಯಲ್ಲಿ ನಾಲ್ವರನ್ನೂ ಕೆಳಗಿನ ಆಸ್ಪತ್ರೆಗೆ ಸಾಗಿಸಿ, ಮೂರನೇ ಮಹಡಿಯ ಮೆಟ್ಟಿಲಿಗೆ ಹಳದಿ ಪಟ್ಟಿ ಕಟ್ಟಿದ್ದಾಯಿತು. ಮಹಡಿಯ ಮೇಲಿದ್ದವರು ಯಾರೂ ನಾಳೆಯವರೆಗೆ ಕೆಳಗಿಳಿಯುವಂತಿಲ್ಲ. ಅಂದರೆ ಉಳಿದ ಹದಿನಾಲ್ಕು ಹುಡುಗರು ಒಳಗೆ. ಗುಂಡಿ ಹರಡಿಕೊಂಡು ಕೂತ ಕೋಚ್ ಒಳಗೆ. ಅವರಿಗೆ ಇದಾವುದೂ ಗೊತ್ತಿಲ್ಲ. ಒಂದೂವರೆಗೆ ನೀರಿಗಿಳಿಯಬೇಕಿದ್ದ ಈಜಿನ ಹುಡುಗಿಯರು ಒಳಗೆ. ಎರಡು ಗಂಟೆಗೆ ತೂಕದ ತಕ್ಕಡಿ ಹತ್ತಬೇಕಿದ್ದ ಭಾರದ ಮಾಮನ ಪೈಲ್ವಾನ್ ಕೂಡ ಒಳಗೇ.

ಪಟ್ಟಿರಾಯರು ಕೋಣೆ ಸೇರಿ ಬಾಗಿಲು ಹಾಕಿಕೊಂಡರೂ ನೆರೆಹೊರೆಯವರು ಬಿಡಲಿಲ್ಲ.

"ಏನ್ರೀ ಮಾಡಿದ್ರಿ? ನನ್ನ ಹುಡುಗೀರು ಆರು ತಿಂಗಳಿಂದ ಒದ್ದಾಡ್ತಿದ್ದಾರೆ ಈ ದಿನಕ್ಕೆ!" ಮೇಡಂ ಸ್ಟೇಪ್ಲರನ್ನು ಚಟಚಟ ಒತ್ತುತ್ತ ಎದುರು ನಿಂತರು. ಕೊಟ್ಟ ಸ್ಟೇಪ್ಲರ್ ಇನ್ನೂ ಅವರ ಕೈಯಲ್ಲೇ ಇತ್ತು.

"ನೀವೇ ಅಲ್ವಾ ಮೇಡಂ, ಮೊದಲ ಹನ್ನೊಂದು ಅಂದದ್ದು?"

"ನಾನು ಹನ್ನೊಂದು ಅಂದೆ. ಸಾಂಕ್ರಾಮಿಕ ರೋಗ ತರಿಸಿ ಅಂದ್ನಾ?"

ಭಾರದ ಮಾಮ ಮಾತು ಬೆಳೆಸಲಿಲ್ಲ. "ರಾಯರೇ, ನನ್ನ ಹುಡುಗ ನೂರಾ ಅರವತ್ತು ಕೇಜಿ ಎತ್ತುತ್ತಾನೆ. ನೀವು ಐವತ್ತೈದು ಇರಬಹುದು. ಇಲ್ಲಿ ಸುಮ್ನೆ ಕೂತಿದ್ದಾನೆ, ಕರೀಲಾ?" ಎಂದರು, ಬಹಳ ವಿನಯದಿಂದ.

ಪಟ್ಟಿರಾಯರು ತಲೆಯ ಮೇಲೆ ಕೈ ಹೊತ್ತು ಕೂತರು. ಬಾಯಿ ಬಿಟ್ಟರೆ ಕುರ್ಚಿ ಹೋಯಿತು. ಬಿಡದಿದ್ದರೆ ಮೂರು ತಂಡದ ಮಕ್ಕಳ ಕೆಲಸ ಕೆಟ್ಟಿತು. ಹೊರಗೆ ಕಾರಿಡಾರಿನಲ್ಲಿ ಕ್ಯಾಪ್ಟನ್ ಗೋಡೆಗೆ ಚೆಂಡು ಒದ್ದು ಹಿಡಿಯುತ್ತಿದ್ದ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಎಷ್ಟೇ ಆಗಲಿ ಅವರು ಕೆಟ್ಟ ಮನುಷ್ಯರಲ್ಲ. ಎದ್ದು ಹಳದಿ ಪಟ್ಟಿಯ ಬಳಿ ಹೋಗಿ ಡಾಕ್ಟರಮ್ಮನನ್ನು ಕೂಗಿದರು.

"ಅಮ್ಮಾ, ಎಲ್ಲಾ ಸುಳ್ಳು. ಕಾಯಿಲೆ ಯಾರಿಗೂ ಇಲ್ಲ. ನಾನೇ ಹಂಚಿದ್ದು."

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. "ಬಾಯಿಮಾತು ನಡೆಯಲ್ಲ. ಒಂದು ಸಾಲು ಬರ್ಕೊಡಿ, ಹಳದಿ ಪಟ್ಟಿ ಬಿಚ್ಚಿಸ್ತೀನಿ. ಆದ್ರೆ ರಿಜಿಸ್ಟರಿಗೆ ಹೆಸರು ಬಿದ್ದ ಆ ನಾಲ್ಕು ಜನ ಮಾತ್ರ ನಾಳೆ ಬೆಳಿಗ್ಗೆವರೆಗೆ ಆಸ್ಪತ್ರೇಲೇ. ಅದು ನಿಯಮ."

ನಿಯಮ ಎಂದ ಮೇಲೆ ಪಟ್ಟಿರಾಯರು ವಾದಿಸುವವರಲ್ಲ. ಆದರೆ ಒಂದು ಸಾಲು ಬರೆಯುವುದು ಅವರ ಕೈಯಲ್ಲಾಗುವ ಕೆಲಸವೂ ಅಲ್ಲ. ವಿಷಯ, ಉಲ್ಲೇಖ, ಹಿನ್ನೆಲೆ, ಯಾವ ಹುಡುಗನಿಗೆ ಎಷ್ಟು ಗಂಟೆಗೆ ಯಾವ ಕಾಯಿಲೆ ಕೊಡಲಾಯಿತು ಎಂಬ ಕೋಷ್ಟಕ, ಎಲ್ಲ ಸೇರಿ ಎರಡು ಪುಟ ಅಚ್ಚುಕಟ್ಟಾಗಿ ಬರೆದರು. ಸಹಿಯ ಕೆಳಗೆ ಕೈ ತಾನೇ ತಾನಾಗಿ ಇನ್ನೊಂದು ಸಾಲು ಇಳಿಸಿತು: "ಪ್ರತಿ: ದಳದ ಮುಖ್ಯಸ್ಥರಿಗೆ, ಮಾಹಿತಿಗಾಗಿ." ಸಿಸ್ಟರ್ ಅದನ್ನು ಓದಿ, ನಕಲು ತೆಗೆದು, ಸಾಹೇಬರ ಕಚೇರಿಗೆ ಕಳಿಸಿಯೇಬಿಟ್ಟರು. ಹಳದಿ ಪಟ್ಟಿ ಬಿಚ್ಚಿತು, ಈಜಿನ ಹುಡುಗಿಯರೂ ಪೈಲ್ವಾನನೂ ಹೊತ್ತಿಗೆ ಸರಿಯಾಗಿ ಹೊರಟರು. ತಾವು ಏನು ಬರೆದೆವೆಂದು ಪಟ್ಟಿರಾಯರಿಗೆ ಹೊಳೆದದ್ದು ಅವರ ಹಿಂದೆ ಹತ್ತು ಮೆಟ್ಟಿಲು ಇಳಿದ ಮೇಲೆ.

ಆದರೂ ಅವರು ನಿಲ್ಲಲಿಲ್ಲ. ನಾಲ್ವರಿಗೆ ಕಾಯಿಲೆ ಇಲ್ಲವೆಂದು ಬರೆದುಕೊಟ್ಟ ಮೇಲೆ ಪಟ್ಟಿ ಬದಲಾಯಿಸುವ ದಾರಿಯೂ ಮುಚ್ಚಿತ್ತು. ಹೋಗುವುದು ಹೋಯಿತು, ಕಾಲಿಗೆ ಬಿದ್ದಾದರೂ ಆ ಹುಡುಗರ ಪಂದ್ಯ ಉಳಿಸೋಣ ಎಂದು ಪಂದ್ಯದ ಕಚೇರಿಗೆ ಓಡಿದರು.

"ಸಾರ್, ಬೆಳಿಗ್ಗೆ ನಾನು ಕೊಟ್ಟ ಪಟ್ಟಿ ತಪ್ಪು. ಹುಟ್ಟಿದ ದಿನಾಂಕದ ಪ್ರಕಾರ ಬರೆದುಬಿಟ್ಟೆ. ಮೊದಲ ಹನ್ನೊಂದು ಜನ ಆಡೋ ಹನ್ನೊಂದು ಅಲ್ಲ. ಹೇಗಾದ್ರೂ ಮಾಡಿ..."

ಪಂದ್ಯದ ಅಧಿಕಾರಿ ಫಾರಂ ಎಳೆದು ನೋಡಿದರು. ಆಮೇಲೆ ಪಟ್ಟಿರಾಯರನ್ನು ನೋಡಿದರು. "ಹುಟ್ಟಿದ ಪ್ರಕಾರ ಬರೆದ್ರೇನು, ಎತ್ತರದ ಪ್ರಕಾರ ಬರೆದ್ರೇನು? ಹೆಸರಿನ ಪಕ್ಕ ಚೌಕ ಇದೆಯಲ್ಲ, ಅದರಲ್ಲಿ ಗೀಟು ಬಿದ್ದವರು ಆಡ್ತಾರೆ. ನಿಮ್ಮ ಕೋಚ್ ಹನ್ನೊಂದು ಗೀಟು ಹಾಕಿದಾರೆ, ಒಬ್ಬನೇ ಗೋಲ್‌ಕೀಪರ್ ಇದಾನೆ, ಸಹಿ ಇದೆ. ತಪ್ಪೆಲ್ಲಿದೆ?"

"ಹದಿನೆಂಟನೇ ನಂಬರು?"

"ಕ್ಯಾಪ್ಟನ್. ಗೀಟು ಇದೆ."

ಪಟ್ಟಿರಾಯರು ಅಲ್ಲಿದ್ದ ಬೆಂಚಿನ ಮೇಲೆ ಕುಸಿದು ಕೂತರು. ಅಧಿಕಾರಿ ನೀರು ಕೊಟ್ಟರು. "ಪಟ್ಟಿ ಚೆನ್ನಾಗಿದೆ ಕಣ್ರೀ, ಇಷ್ಟು ನೀಟಾದ ಪಟ್ಟಿ ಇನ್ನೊಂದು ತಂಡದ್ದು ಬಂದಿಲ್ಲ" ಎಂದು ಸಮಾಧಾನವನ್ನೂ ಹೇಳಿದರು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಮೈದಾನದ ಅಂಚಿಗೆ ಬಂದ ಕೋಚ್, ಏಳು ಜನ ಕೂರಬೇಕಾದ ಬೆಂಚಿನ ಮೇಲೆ ಮೂರೇ ಜನರನ್ನು ನೋಡಿದರು. ಅವರ ಮೌನ ಐದು ನಿಮಿಷ ಮುಂಚೆಯೇ ಮುರಿಯಿತು. ಮುರಿದಾಗ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಯ ಮಾತು ಮಾತ್ರ ಬರೆಯಬಹುದು: "ರಿಸರ್ವ್ ಗೋಲ್‌ಕೀಪರ್ ಎಲ್ರೀ?"

"ಕೀಲುನೋವು" ಎಂದರು ಪಟ್ಟಿರಾಯರು ನೆಲ ನೋಡುತ್ತ.

ಪಂದ್ಯ ಚೆನ್ನಾಗಿಯೇ ಶುರುವಾಯಿತು. ಇಪ್ಪತ್ತನೇ ನಿಮಿಷಕ್ಕೆ ಕ್ಯಾಪ್ಟನ್ ಗೋಲು ಹೊಡೆದ. ಗ್ಯಾಲರಿಯಲ್ಲಿದ್ದ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿ, ಕೆಳಗಿದ್ದ ಪಟ್ಟಿರಾಯರತ್ತ ನಗುತ್ತ ಕೈಯನ್ನೂ ಬೀಸಿದರು. ಅಂದರೆ ಆ ಕಾಗದ ಇನ್ನೂ ಓದಿಲ್ಲ! ಪಟ್ಟಿರಾಯರ ಹೋದ ಜೀವ ಅರ್ಧ ಬಂತು. ಪಂದ್ಯ ಗೆದ್ದರೆ ಆ ಖುಷಿಯಲ್ಲಿ ಸಾಹೇಬರು ಎರಡು ಪುಟದ ಕಾಗದವನ್ನು ಎಲ್ಲಿ ಓದುತ್ತಾರೆ? ಓದಿದರೂ ಎಲ್ಲಿ ಮನಸ್ಸಿಗೆ ಹಾಕಿಕೊಳ್ಳುತ್ತಾರೆ? ಜೀವನದಲ್ಲಿ ಮೊದಲ ಬಾರಿಗೆ ಅವರು ಫುಟ್‌ಬಾಲ್ ಪಂದ್ಯವನ್ನು ಕಣ್ಣು ಪಿಳುಕಿಸದೆ ನೋಡಿದರು.

ಎಪ್ಪತ್ತನೇ ನಿಮಿಷಕ್ಕೆ ಗೋಲ್‌ಕೀಪರ್ ಚೆಂಡಿಗೆ ಹಾರಿ ಕಂಬಕ್ಕೆ ಕೈ ಬಡಿಸಿಕೊಂಡ. ಮಣಿಕಟ್ಟು ಊದಿತು. ಕೋಚ್ ಬೆಂಚಿನ ಕಡೆ ತಿರುಗಿದರು, ಮೂವರಲ್ಲಿ ಗೋಲ್‌ಕೀಪರ್ ಯಾರೂ ಇರಲಿಲ್ಲ. ಕೊನೆಗೆ ಎಲ್ಲರಿಗಿಂತ ಚುರುಕಾದ ಕ್ಯಾಪ್ಟನ್ನೇ ತನಗಿಂತ ಎರಡು ಅಳತೆ ದೊಡ್ಡ ಕೈಗವಸು ತೊಟ್ಟು ಗೋಲಿನಲ್ಲಿ ನಿಂತ. ಒಂದು ಚೆಂಡನ್ನು ಎದೆಯಿಂದ ತಡೆದ, ಒಂದನ್ನು ಮೊಣಕಾಲಿನಿಂದ, ಒಂದನ್ನು ಮೂಗಿನಿಂದ. ಎಂಬತ್ತೊಂಬತ್ತನೇ ನಿಮಿಷದಲ್ಲಿ ಮತ್ತೊಂದು ಬಂತು. ಕೈಯಲ್ಲಿ ಹಿಡಿದೇಬಿಟ್ಟ, ಆದರೆ ಕೈಗವಸಿನ ಸಮೇತ ಚೆಂಡು ಗೆರೆ ದಾಟಿತು. ಪಂದ್ಯ ಒಂದು-ಒಂದು ಸಮವಾಯಿತು.

ಪಟ್ಟಿರಾಯರು ಮೊದಲು ಹೋದದ್ದು ಆಸ್ಪತ್ರೆಗೆ. ಮೀಸಲು ಗೋಲ್‌ಕೀಪರ್ ಟಿ.ವಿ.ಗೆ ಬೆನ್ನು ಹಾಕಿ ಮಲಗಿದ್ದ. "ಅಮ್ಮ ಫೋನ್ ಮಾಡಿದ್ರು ಸರ್. ನಾನು ಎಲ್ಲೂ ಕಾಣಿಸ್ಲಿಲ್ವಂತೆ" ಎಂದ. ಪಟ್ಟಿರಾಯರು ಅವನ ತಲೆ ಸವರಿ, "ತಪ್ಪು ನಂದು ಮಗು" ಎಂದರು. ಅಷ್ಟರಲ್ಲಿ ಸಾಹೇಬರ ಕರೆ ಬಂತು.

ಕೆಳಗಿನ ಕಚೇರಿಯಲ್ಲಿ ಸಾಹೇಬರು ಫೈಲುಗಳ ಹಿಂದೆ ಕೂತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಬಾರಯ್ಯಾ ಬಾ. ಕೈ ಕೊಡು. ಅಭಿನಂದನೆ!"

"ಯಾಕೆ ಸಾರ್?"

"ನೀನೀಗ ಹೆಡ್ ಕ್ಲಾರ್ಕು. ಬೆಳಿಗ್ಗೆ ನಿನ್ನ ಪಟ್ಟಿ ಮಾಹಿತಿಗೆ ಬಂತಲ್ಲ, ನೋಡಿ ಕಣ್ಣು ತಣ್ಣಗಾಯ್ತು ಕಣಯ್ಯಾ. ಫುಟ್‌ಬಾಲ್ ತಂಡದ್ದೂ ಸೀನಿಯಾರಿಟಿ ಪ್ರಕಾರ! ಇಂಥವನಿಗೆ ಇನ್ನೂ ಯಾಕೆ ಕಾಯಿಸ್ಬೇಕು ಅಂತ ಹತ್ತು ಗಂಟೆಗೇ ಬಡ್ತಿ ಆದೇಶಕ್ಕೆ ಸಹಿ ಹಾಕ್ಬಿಟ್ಟೆ."

ಹತ್ತು ಗಂಟೆ! ಮೇಡಂ ಸ್ಟೇಪ್ಲರ್ ಕೇಳಲು ಬಾಗಿಲು ತಟ್ಟಿದ ಹೊತ್ತು. ಪಟ್ಟಿರಾಯರು ಆದೇಶವನ್ನು ಎರಡೂ ಕೈಯಲ್ಲಿ ಹಿಡಿದರು. ಕಣ್ಣು ಮಂಜಾಯಿತು. ಇಪ್ಪತ್ತಾರು ವರ್ಷ! ಹೆಂಡತಿಗೆ ಈಗಲೇ ಹೇಳಬೇಕು.

"ಕೂತ್ಕೋ. ಹೆಡ್ ಕ್ಲಾರ್ಕ್ ಆಗಿ ಇವತ್ತಿನ ಮೊದಲ ಕೆಲಸ" ಎಂದು ಸಾಹೇಬರು ಒಂದು ಫೈಲು ಮುಂದೆ ತಳ್ಳಿದರು. ತೆಗೆದು ನೋಡಿದರೆ ಅದರಲ್ಲಿದ್ದದ್ದು ಎರಡು ಪುಟದ ತಪ್ಪೊಪ್ಪಿಗೆ, ಕೋಷ್ಟಕದ ಸಮೇತ.

"ಫುಟ್‌ಬಾಲ್ ತಂಡದ ಮ್ಯಾನೇಜರ್‌ಗೆ ಕಾರಣ ಕೇಳಿ ಒಂದು ನೋಟಿಸ್ ತಯಾರು ಮಾಡು. ನಿಯಮದ ಪ್ರಕಾರ ನೋಟಿಸ್ ಬರೆಯೋದು ಹೆಡ್ ಕ್ಲಾರ್ಕೇ."

"ಸಾರ್... ಆ ಮ್ಯಾನೇಜರ್ ನಾನೇ ಅಲ್ವಾ?"

"ಮ್ಯಾನೇಜರ್ ಆಗಿದ್ದವನು ಗುಮಾಸ್ತ. ಈಗ ಕೂತಿರೋನು ಹೆಡ್ ಕ್ಲಾರ್ಕ್. ನಿಯಮಕ್ಕೇ ಇಲ್ಲದ ಗೊಂದಲ ನಿನಗ್ಯಾಕೆ?"

"ಎಲ್ಲಾ ಒಪ್ಕೊಂಡಿದ್ದೀನಲ್ಲ ಸಾರ್?"

"ಅದೇ ತೊಂದರೆ. ಡಾಕ್ಟರಮ್ಮ ಒಂದು ಸಾಲು ಸಾಕು ಅಂದಿದ್ರಂತೆ. ನೀನು ಎರಡು ಪುಟ ಬರೆದು ನನಗೂ ಪ್ರತಿ ಕಳಿಸಿದೀಯ. ಅದಕ್ಕೆ ನಂಬರ್ ಬಿದ್ದು ಆವಕ ಪುಸ್ತಕಕ್ಕೆ ಹತ್ತಿ ಆಯ್ತು. ನಾನು ಓದಿಲ್ಲ ಅನ್ನೋ ಹಾಗೂ ಇಲ್ಲ."

ಪಟ್ಟಿರಾಯರು ಪೆನ್ನು ತೆಗೆದರು. ಮೊದಲ ಕರಡಿನಲ್ಲಿ ಸ್ವಲ್ಪ ದಯೆ ತೋರಿಸಿದರು. "ಅಚಾತುರ್ಯದಿಂದ" ಎಂಬ ಪದವನ್ನು ಎರಡು ಕಡೆ ಹಾಕಿದರು. ಸಾಹೇಬರು ಅದರ ಮೇಲೆ ಬೆರಳಿಟ್ಟು, "ಹೆಡ್ ಕ್ಲಾರ್ಕ್ ಬರೆಯೋ ನೋಟಿಸಾ ಇದು? ಅಪರಾಧಿ ಸಲೀಸಾಗಿ ತಪ್ಪಿಸ್ಕೊಂಡು ಹೋಗ್ತಾನಲ್ಲಯ್ಯಾ" ಎಂದರು.

ಆ ಮಾತು ನಾಟಿತು. ಇಪ್ಪತ್ತಾರು ವರ್ಷದಲ್ಲಿ ತಮ್ಮ ಬರವಣಿಗೆಯ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ. ಪಟ್ಟಿರಾಯರು ತೋಳು ಮಡಿಸಿ, ಹೊಸ ಹಾಳೆ ತೆಗೆದು, ಸಂದು ಸಂದು ಮುಚ್ಚುತ್ತ ಹೋದರು. ಮಹಡಿ ಮುಚ್ಚಿಸಿದ್ದು, ಸುಳ್ಳು ಕಾಯಿಲೆ, ಕೀಪರ್ ಇಲ್ಲದೆ ಕಳೆದುಕೊಂಡ ಗೆಲುವು, ಒಂದೊಂದಕ್ಕೂ ಒಂದೊಂದು ನಿಯಮದ ಸಂಖ್ಯೆ ಅವರಿಗೆ ಬಾಯಿಪಾಠವಾಗಿತ್ತು. ಇನ್ನು ಮ್ಯಾನೇಜರ್‌ನ ಉತ್ತರ ಬೇಕು. ಅವನೂ ಅಲ್ಲೇ ಇದ್ದನಲ್ಲ, "ಹೇಳಲು ಏನೂ ಇಲ್ಲ" ಎಂದು ಬರೆದುಕೊಟ್ಟ. ಹೆಡ್ ಕ್ಲಾರ್ಕ್ ಅದನ್ನು ಓದಿ "ಉತ್ತರ ಸಮಾಧಾನಕರವಾಗಿಲ್ಲ" ಎಂದು ಟಿಪ್ಪಣಿ ಹಾಕಿ, ಒಂದು ದರ್ಜೆ ಹಿಂಬಡ್ತಿಗೆ ಶಿಫಾರಸು ಮಾಡಿ ಫೈಲು ಮುಂದಿಟ್ಟರು.

ಸಾಹೇಬರು ಕೊನೆಯ ಸಾಲಿನವರೆಗೆ ಓದಿದರು. ಮೆಚ್ಚುಗೆಯಿಂದ ಅವರ ಹುಬ್ಬು ಮೇಲೇರಿತು. "ಆಹಾ! ಎಂಥಾ ಕೈ ಕಣಯ್ಯಾ! ಒಂದು ಕೊಂಕು ತೆಗೆಯೋ ಹಾಗಿಲ್ಲ. ಇಂಥ ಹೆಡ್ ಕ್ಲಾರ್ಕ್ ನಮ್ಮ ಇಲಾಖೆಗೆ ಇನ್ನೊಬ್ಬ ಸಿಗಲ್ಲ" ಎಂದು ನಿಟ್ಟುಸಿರು ಬಿಟ್ಟು, ಹಿಂಬಡ್ತಿಯ ಆದೇಶಕ್ಕೆ ಸಹಿ ಹಾಕಿದರು. "ಛೆ, ಒಂದು ದಿನವೂ ಉಳಿಸ್ಕೊಳ್ಳೋಕೆ ಆಗ್ಲಿಲ್ವಲ್ಲ!"

ಪಟ್ಟಿರಾಯರು ನಕಲು ತೆಗೆದುಕೊಂಡು, "ತಲುಪಿದೆ" ಎಂದು ಬರೆದು, ಕೆಳಗೆ "ಗುಮಾಸ್ತ" ಎಂದು ಸಹಿ ಮಾಡಿದರು.